ಬಟ್ಟನ್ನೇ ತೂಕಕ್ಕೆ ಹಾಕಿದವರು

ಅಂಗಡಿಯವನ ತಕ್ಕಡಿ ಮೇಲೆ ನಮಗೆಲ್ಲ ಒಂದು ಅನುಮಾನ ಇದ್ದೇ ಇರುತ್ತೆ. ಆದರೆ ತೂಕದ ಬಟ್ಟಿನ ಮೇಲೆ? ‘1 ಕೆಜಿ’ ಅಂತ ಬರೆದಿದ್ದರೆ ಮುಗೀತು, ನಂಬಿಬಿಡ್ತೀವಿ. ವಿಜ್ಞಾನಿಗಳೂ ಹೀಗೇ ನಂಬಿದ್ದ ಒಂದು ಬಟ್ಟಿನ ಕತೆ ಇದು.

ಕಾರ್ಬನ್‌ನ ಪರಮಾಣುಗಳಲ್ಲಿ ನೂರಕ್ಕೆ ಸುಮಾರು ಒಂದು ಮಾತ್ರ ತುಸು ಭಾರದ ಕಾರ್ಬನ್-13. ಈ ಪ್ರಮಾಣ ಒಂದೊಂದು ವಸ್ತುವಿನಲ್ಲಿ ಒಂದೊಂದು ಥರ. ಜೇನುತುಪ್ಪಕ್ಕೆ ಕಬ್ಬಿನ ಸಕ್ಕರೆ ಬೆರೆಸಿದರೆ ಸಿಕ್ಕಿಬೀಳೋದು ಇದರಿಂದಲೇ. ಆದರೆ ಈ ಪ್ರಮಾಣವನ್ನ ನೇರವಾಗಿ ಅಳೆಯೋದು ಬಹಳ ಕಷ್ಟ. ಅದಕ್ಕೇ ಒಂದು ಮಾದರಿ ವಸ್ತು ಇಟ್ಟುಕೊಂಡು, ಅದಕ್ಕಿಂತ ಸಾವಿರಕ್ಕೆ ಎಷ್ಟು ಹೆಚ್ಚು, ಎಷ್ಟು ಕಡಿಮೆ ಅಂತ ಹೇಳ್ತಾರೆ.

ಮೊದಲ ಮಾದರಿ ಒಂದು ಪಳೆಯುಳಿಕೆ. 1950ರ ಆಸುಪಾಸಿನಲ್ಲಿ ಶಿಕಾಗೋದ ಹೆರಾಲ್ಡ್ ಯೂರಿ ತಂಡ, ದಕ್ಷಿಣ ಕೆರೊಲಿನಾದ ಪೀ ಡೀ ಪದರದಲ್ಲಿ ಸಿಕ್ಕ ಬೆಲೆಮ್ನೈಟ್ ಅನ್ನೋ ಪ್ರಾಣಿಯ ಅವಶೇಷವನ್ನ ‘ಸೊನ್ನೆ’ ಅಂತ ಇಟ್ಟುಕೊಂಡಿತು. ಬಳಸಿ ಬಳಸಿ ಆ ಪುಡಿ ಖಾಲಿಯಾಯ್ತು! ಆಮೇಲೆ ಎನ್‌ಬಿಎಸ್-19 ಅನ್ನೋ ಅಮೃತಶಿಲೆಯ ಪುಡಿಗೆ +1.95 ಅಂತ ಬೆಲೆ ಕಟ್ಟಿ, ಹಳೇ ಸೊನ್ನೆಯನ್ನ ಕಾಗದದ ಮೇಲೆ ಉಳಿಸಿಕೊಂಡರು.

ಒಂದೇ ಗೂಟಕ್ಕೆ ಕಟ್ಟಿದ ಹಗ್ಗ ದೂರ ಹೋದಷ್ಟೂ ಓಲಾಡುತ್ತೆ ನೋಡಿ. ಹಾಗೇ, ಸೊನ್ನೆಯಿಂದ ದೂರದ ಅಳತೆಗಳಲ್ಲಿ ಪ್ರಯೋಗಾಲಯಗಳ ಲೆಕ್ಕ ತಾಳೆಯಾಗ್ತಿರಲಿಲ್ಲ. 2006ರಲ್ಲಿ ಎರಡನೇ ಗೂಟ ನೆಟ್ಟರು: ಎಲ್-ಸ್ವೆಕ್ ಅನ್ನೋ ಲಿಥಿಯಂ ಕಾರ್ಬೋನೇಟ್ ಪುಡಿ, ಬೆಲೆ −46.6. ಎಲ್ಲರಿಗೂ ನೆಮ್ಮದಿ.

ಆದರೆ ಕೆಲವರು ಸುಮ್ಮನಿರದೆ ಆ ಪುಡಿಯನ್ನೇ ಪರೀಕ್ಷೆಗೆ ಒಡ್ಡಿದರು. ಸೀಸೆಯಿಂದ ಸೀಸೆಗೆ ಬೆಲೆ ಬೇರೆ ಬರ್ತಿತ್ತು! ಪುಡಿ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡನ್ನ ಹೀರಿಕೊಳ್ತಿತ್ತು. ಗಾಳಿಯ ಬೆಲೆ −8.5ರ ಹತ್ತಿರ ಇರೋದರಿಂದ, ಹೀರಿದಷ್ಟೂ ಪುಡಿ −46.6ರಿಂದ ಮೇಲಕ್ಕೆ ಜಾರ್ತಿತ್ತು. ಗೂಟವೇ ಅಲುಗಾಡ್ತಿತ್ತು.

ಇಷ್ಟಕ್ಕೆಲ್ಲ ತಲೆ ಕೆಡಿಸ್ಕೋಬೇಕಾ ಅಂತೀರಾ? ಕಲ್ಲಿದ್ದಲು, ಪೆಟ್ರೋಲಿನಲ್ಲಿ ಕಾರ್ಬನ್-13 ಕಡಿಮೆ. ನಾವು ಸುಟ್ಟಷ್ಟೂ ಗಾಳಿಯ ಬೆಲೆ ಇಳಿಯುತ್ತೆ, ವರ್ಷಕ್ಕೆ ಸುಮಾರು 0.02ರಿಂದ 0.03. ಗಾಳಿಗೆ ಸೇರಿದ ಹೊಗೆ ನಮ್ಮದೇ ಅನ್ನೋದಕ್ಕೆ ಇದೊಂದು ದೊಡ್ಡ ಸಾಕ್ಷಿ. ದೂರದ ಗೂಟ 0.1ರಷ್ಟು ಜಾರಿದರೆ, ಈ ಎರಡು ಗೂಟಗಳ ಲೆಕ್ಕದಲ್ಲಿ ಗಾಳಿಯ ಬೆಲೆ ಸುಮಾರು 0.02 ತಪ್ಪುತ್ತೆ. ಅಂದರೆ ಹೆಚ್ಚುಕಡಿಮೆ ಒಂದು ವರ್ಷದ ಬದಲಾವಣೆಯೇ ಮಾಯ.

ಕೊನೆಗೆ ಎಲ್-ಸ್ವೆಕ್ ಅನ್ನು ಕಾರ್ಬನ್ ಅಳತೆಗೆ ಬಳಸಬೇಡಿ ಅಂತ ತೀರ್ಮಾನವಾಯ್ತು. ವಿಯೆನ್ನಾದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಹೊಸ ಕ್ಯಾಲ್ಸಿಯಂ ಕಾರ್ಬೋನೇಟ್ ಮಾದರಿಗಳನ್ನ ತಯಾರಿಸಿತು. ಪದೇಪದೇ ಮುಚ್ಚಳ ತೆಗೆಯೋ ದೊಡ್ಡ ಸೀಸೆ ಬದಲು, ಬಾಯಿ ಮುಚ್ಚಿದ ಪುಟ್ಟ ಗಾಜಿನ ಕೊಳವೆಗಳು.

ಹಳೇ ಅಳತೆಗಳ ಗತಿ? ಯಾವ ಮಾದರಿ ಬಳಸಿದೆವು, ಅದಕ್ಕೆ ಎಷ್ಟು ಬೆಲೆ ಹಿಡಿದೆವು ಅಂತ ಬರೆದಿಟ್ಟವರು ಮತ್ತೆ ಲೆಕ್ಕ ಹಾಕಬಹುದು. ಬರೀ ಉತ್ತರ ಬರೆದವರಿಗೆ ಆ ದಾರಿಯೂ ಇಲ್ಲ. ಆಫೀಸಿನಲ್ಲಿ ಎಕ್ಸೆಲ್ ಶೀಟ್ ಕಳಿಸೋ ನಮಗೂ ಇದು ಗೊತ್ತಿರಬೇಕಾದ್ದೇ ಅಲ್ವಾ?