ರೆಸ್ಯೂಮ್‌ನ ಸಾರಾಂಶ: ವಿಶೇಷಣವೋ, ಸಾಕ್ಷ್ಯವೋ?

ನಮ್ಮ ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳ ರೆಸ್ಯೂಮ್‌ನ ನೆತ್ತಿಯಲ್ಲಿ ಬಹುಕಾಲ ‘ಕೆರಿಯರ್ ಆಬ್ಜೆಕ್ಟಿವ್’ ಇರುತ್ತಿತ್ತು. ಹೆಸರಾಂತ ಸಂಸ್ಥೆಯಲ್ಲಿ ಸವಾಲಿನ ಹುದ್ದೆ ಪಡೆದು ಸಂಸ್ಥೆಯೊಂದಿಗೆ ತಾನೂ ಬೆಳೆಯಬೇಕೆಂಬ ಆ ಸಾಲು ಸೀನಿಯರ್‌ಗಳ ಫೈಲಿನಿಂದ ಜೂನಿಯರ್‌ಗಳಿಗೆ ಇಳಿದು ಬರುತ್ತಿತ್ತು. ಈಗ ಆ ಜಾಗಕ್ಕೆ ‘ಪ್ರೊಫೈಲ್ ಸಮ್ಮರಿ’ ಬಂದಿದೆ. ಶೀರ್ಷಿಕೆ ಬದಲಾದಷ್ಟು ಬರವಣಿಗೆ ಬದಲಾಗಿಲ್ಲ. ಶ್ರಮಜೀವಿ, ಬೇಗ ಕಲಿಯುವವ, ತಂಡದಲ್ಲಿ ಬೆರೆಯುವವ ಎಂಬ ವಿಶೇಷಣಗಳು ಯಾರಿಗಾದರೂ ಒಪ್ಪುವುದರಿಂದ ಅವು ಯಾರನ್ನೂ ಗುರುತಿಸಿಕೊಡುವುದಿಲ್ಲ. ಪರೀಕ್ಷಿಸಿ ನೋಡಬಹುದಾದ ಹೇಳಿಕೆಯೇ ಸಾರಾಂಶದ ಜೀವಾಳ ಎಂಬುದು ಈ ಲೇಖನದ ವಾದ.

ಇದಕ್ಕೆ ಹಳೆಯ ಆಧಾರವೊಂದಿದೆ. ಲಿಯೊನಾರ್ಡೊ ಡ ವಿಂಚಿ 1482ರ ಸುಮಾರಿಗೆ ಮಿಲಾನಿನ ದೊರೆ ಲುಡೊವಿಕೊ ಸ್ಫೋರ್ಜಾನಲ್ಲಿ ಕೆಲಸ ಕೇಳಿದ ಪತ್ರದ ಕರಡು ‘ಕೋಡೆಕ್ಸ್ ಅಟ್ಲಾಂಟಿಕಸ್’ ಸಂಪುಟದಲ್ಲಿ ಉಳಿದಿದೆ. ಹೊತ್ತೊಯ್ಯಬಲ್ಲ ಹಗುರ ಸೇತುವೆ, ಕಂದಕದ ನೀರು ಬತ್ತಿಸುವ ಉಪಾಯ, ಫಿರಂಗಿ, ಕವಚ ತೊಡಿಸಿದ ರಥ ಹೀಗೆ ಅಂಶಗಳು ಸಾಲುಗಟ್ಟುತ್ತವೆ. ಚಿತ್ರಕಲೆಯ ಪ್ರಸ್ತಾಪ ಬರುವುದು ಕೊನೆಗೆ. ದೊರೆಗೆ ಬೇಕಾದದ್ದನ್ನು ಮೊದಲಿಟ್ಟ ಈ ಜಾಣತನವನ್ನು ಹಲವರು ಮೆಚ್ಚಿದ್ದಾರೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಪತ್ರದ ಮುಕ್ತಾಯ. ಇವುಗಳಲ್ಲಿ ಯಾವುದಾದರೂ ಅಸಾಧ್ಯವೆಂದು ತೋರಿದರೆ ನಿಮ್ಮ ಉದ್ಯಾನದಲ್ಲಾಗಲಿ, ನೀವು ಹೇಳಿದ ಬೇರೆಡೆಯಾಗಲಿ ಮಾಡಿ ತೋರಿಸುತ್ತೇನೆ ಎಂದು ಆತ ಪರೀಕ್ಷೆಗೆ ತಾನಾಗಿಯೇ ಒಡ್ಡಿಕೊಳ್ಳುತ್ತಾನೆ.

ಇಂದು ಓದುಗನ ವ್ಯವಧಾನವೂ ಕಡಿಮೆ. ಅಮೆರಿಕದ ‘ಲ್ಯಾಡರ್ಸ್’ ಕಂಪನಿ 2018ರಲ್ಲಿ ನೇಮಕಾತಿದಾರರ ಕಣ್ಚಲನೆಯನ್ನು ಗಮನಿಸಿದಾಗ ರೆಸ್ಯೂಮ್‌ನ ಮೊದಲ ನೋಟಕ್ಕೆ ಸಿಕ್ಕದ್ದು ಸರಾಸರಿ 7.4 ಸೆಕೆಂಡು.

ಅಷ್ಟು ಹೊತ್ತಿನಲ್ಲಿ ಏನು ಕಣ್ಣಿಗೆ ಬೀಳಬೇಕು ಎಂಬುದಕ್ಕೆ ಪೀಣ್ಯದ ಸಿಎನ್‌ಸಿ ಆಪರೇಟರ್ ಒಬ್ಬರನ್ನು ಮಾದರಿಯಾಗಿ ಕಲ್ಪಿಸಿಕೊಳ್ಳೋಣ. ‘ಕಷ್ಟಪಟ್ಟು ದುಡಿಯುವ ಅನುಭವಿ ಮೆಷಿನಿಸ್ಟ್’ ಎಂದರೆ ಸೂಪರ್‌ವೈಸರ್‌ಗೆ ಏನೂ ತಿಳಿಯದು. ‘ಮೆಕ್ಯಾನಿಕಲ್ ಡಿಪ್ಲೊಮಾ, ಸಿಎನ್‌ಸಿ ಟರ್ನಿಂಗ್‌ನಲ್ಲಿ 4 ವರ್ಷ, ಫ್ಯಾನುಕ್ ಕಂಟ್ರೋಲ್‌ನಲ್ಲಿ ಪ್ರೋಗ್ರಾಂ ತಿದ್ದಬಲ್ಲೆ, 0.02 ಮಿ.ಮೀ. ಟಾಲರೆನ್ಸ್‌ನ ಶಾಫ್ಟ್‌ಗಳಿಗೆ ಸೆಟ್ಟಿಂಗ್ ನಾನೇ ಮಾಡುತ್ತೇನೆ’ ಎಂದಾಗ ಪ್ರತಿ ತುಣುಕಿನ ಬೆನ್ನಿಗೂ ಒಂದು ಪ್ರಶ್ನೆ ಹುಟ್ಟುತ್ತದೆ: ಇನ್ಸರ್ಟ್ ಸವೆದಾಗ ಆಫ್‌ಸೆಟ್ ಎಷ್ಟು ಕೊಡುತ್ತೀರಿ? ಅಳತೆಗೆ ಯಾವ ಗೇಜ್? ಸಂದರ್ಶನ ಆಗಲೇ ಶುರುವಾದಂತೆ. ಅರ್ಜಿ ಸೋಸುವ ಸಾಫ್ಟ್‌ವೇರ್ ಹುಡುಕುವುದೂ ‘ಫ್ಯಾನುಕ್’, ‘ಟರ್ನಿಂಗ್’ನಂಥ ಪದಗಳನ್ನೇ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇದನ್ನು ಒತ್ತಿ ಹೇಳಬೇಕಿದೆ. ಮೆಷಿನ್ ಮುಂದೆ ನಿಂತು ತಮ್ಮ ಕೆಲಸವನ್ನು ಇಷ್ಟೇ ಖಚಿತವಾಗಿ ವಿವರಿಸಬಲ್ಲವರು ಕಾಗದದ ಮೇಲೆ ಎರವಲು ಇಂಗ್ಲಿಷಿನ ಹೊಗಳಿಕೆಗೆ ಜೋತುಬೀಳುತ್ತಾರೆ. ಮೊದಲು ಕನ್ನಡದಲ್ಲೇ, ಏನು ಮಾಡಿದೆ, ಯಾವುದರಿಂದ, ಎಷ್ಟು ಎಂದು ಬರೆದುಕೊಂಡು ಆಮೇಲೆ ಇಂಗ್ಲಿಷಿಗೆ ತಂದರೆ ಆ ಖಚಿತತೆ ಉಳಿಯುತ್ತದೆ. ಅನುಭವವಿಲ್ಲದ ಹೊಸಬರಿಗೂ ದಾರಿಯುಂಟು: ಅಂತಿಮ ವರ್ಷದ ಪ್ರಾಜೆಕ್ಟ್‌ನಲ್ಲಿ ತಂಡ ಮಾಡಿದ್ದನ್ನೆಲ್ಲ ಬಿಟ್ಟು, ತಾವೇ ಕೈಯಾರೆ ಮಾಡಿದ, ಕೇಳಿದರೆ ಮತ್ತೆ ಮಾಡಿ ತೋರಿಸಬಲ್ಲ ಭಾಗವನ್ನಷ್ಟೇ ಸಾರಾಂಶಕ್ಕೆ ತರಬೇಕು.