ಮೂಗಿನ ನಳಿಕೆಯಲ್ಲಿ ಇಳಿಯೋ ಊಟಕ್ಕೂ ಪರೀಕ್ಷೆ

ಐಸಿಯುನಲ್ಲಿ ಮಲಗಿರೋ ಅಜ್ಜನ ಮೂಗಿಗೆ ಹಾಕಿರೋ ಸಣ್ಣ ಪೈಪನ್ನ ನೋಡಿರ್ತೀರಿ. ನರ್ಸ್‌ಗಳು ಅದಕ್ಕೆ ರೈಲ್ಸ್ ಟ್ಯೂಬ್ ಅಂತಾರೆ. ಬ್ರಿಟಿಷ್ ವೈದ್ಯ ಜಾನ್ ರೈಲ್ 1921ರಲ್ಲಿ ಇದನ್ನ ತಂದಿದ್ದು ಊಟ ಹಾಕೋಕಲ್ಲ, ಜಠರದ ರಸವನ್ನ ಹೊರಗೆ ತೆಗೆದು ಪರೀಕ್ಷೆ ಮಾಡೋಕೆ!

ನಳಿಕೆಯಲ್ಲಿ ಊಟ ಕೊಡೋದು ಅದಕ್ಕಿಂತ ಹಳೇದು. 1790ರಲ್ಲಿ ಲಂಡನ್ನಿನ ಸರ್ಜನ್ ಜಾನ್ ಹಂಟರ್, ನುಂಗೋ ಸ್ನಾಯುಗಳ ಶಕ್ತಿ ಕಳೆದುಕೊಂಡಿದ್ದ ರೋಗಿಗೆ ಈಲ್ ಮೀನಿನ ಚರ್ಮದ ನಳಿಕೆ ಇಳಿಸಿದ್ರು. ಮೊಟ್ಟೆ, ಸಕ್ಕರೆ, ಹಾಲು ಅದರೊಳಗೆ ಹೋಯ್ತು. ರೋಗಿ ಮತ್ತೆ ನುಂಗೋ ಹಾಗಾದ.

ಆಮೇಲೆ ಬಹಳ ಕಾಲ ಅಡುಗೆಮನೆಯದ್ದೇ ರಾಜ್ಯಭಾರ. ರುಬ್ಬು, ಸೋಸು, ಸಿರಿಂಜಿಗೆ ಹಾಕು. ಹೊಟ್ಟೆಗೆ ಏನೋ ಹೋಯ್ತಲ್ಲ ಅನ್ನೋ ಸಮಾಧಾನ. ಆದ್ರೆ ಹೋಗಿದ್ದೆಷ್ಟು?

2000ರ ದಶಕದ ಆರಂಭದಲ್ಲಿ ಫಿಲಿಪ್ಪೀನ್ಸ್‌ನ ಕೆಲವು ಆಸ್ಪತ್ರೆಗಳಲ್ಲಿ ರುಬ್ಬಿದ ಊಟವನ್ನ ಲ್ಯಾಬಿನಲ್ಲಿ ಅಳೆದು ನೋಡಿದ್ರು. ಕಾಗದದ ಮೇಲಿನ ಲೆಕ್ಕಕ್ಕೂ ಬಾಟಲಿಯಲ್ಲಿದ್ದ ಪೋಷಕಾಂಶಕ್ಕೂ ತಾಳೆ ಆಗಲಿಲ್ಲ. ರೋಗಿಗೆ ಬೇಕಾದ್ದಕ್ಕಿಂತ ಕಡಿಮೆಯೇ ಸಿಗೋ ಸಾಧ್ಯತೆ ಹೆಚ್ಚಿತ್ತು. ಕಾರ್ಖಾನೆಯ ಫಾರ್ಮುಲಾಗಿಂತ ಬ್ಯಾಕ್ಟೀರಿಯಾ ಜಾಸ್ತಿ. ಕೆಲವಂತೂ ನಳಿಕೆಯಲ್ಲಿ ಇಳಿಯೋಕಾಗದಷ್ಟು ದಪ್ಪ. ಅಡುಗೆಯವರ ಪ್ರೀತಿಯಲ್ಲಿ ಕೊರತೆ ಇತ್ತು ಅಂತಲ್ಲ. ಅನ್ನ ಬೆಂದಾಗ ಎಷ್ಟು ನೀರು ಹೀರುತ್ತೆ, ಸೋಸಿದಾಗ ಜರಡಿಯಲ್ಲಿ ಎಷ್ಟು ಉಳಿಯುತ್ತೆ ಅನ್ನೋದು ಕಣ್ಣಳತೆಗೆ ಸಿಗಲ್ಲ. ಭಾರತದ ತೀವ್ರ ನಿಗಾ ತಜ್ಞರ 2018ರ ಮಾರ್ಗಸೂಚಿ ಕೂಡ ಸೋಂಕಿನ ಭಯದಿಂದ ಫಾರ್ಮುಲಾ ಕಡೆಗೇ ವಾಲಿತು.

ಈಗ ಕಥೆಗೆ ತಿರುವು. ಪುಡಿ ಬೇಡ, ಊಟದಂಥ ಊಟವೇ ಬೇಕು ಅನ್ನೋರಿಗೆ ಅಮೆರಿಕದಂಥ ಕಡೆ ಕೋಳಿ, ಕ್ಯಾರೆಟ್ ರುಬ್ಬಿ ಸೀಲ್ ಮಾಡಿದ ಪೌಚ್ ಸಿಗುತ್ತೆ. ಕ್ರಿಮಿಗಳ ಚಿಂತೆ ಕಡಿಮೆ, ಕ್ಯಾಲೊರಿ ಲೇಬಲ್ ಮೇಲೇ ಇದೆ. ಆದ್ರೆ ದಪ್ಪದ ತಕರಾರು ಹೋಗಿಲ್ಲ. ತೆಳುವಾಗಲಿ ಅಂತ ನೀರು ಬೆರೆಸಿದ್ರೆ ಅದೇ ಕ್ಯಾಲೊರಿಗೆ ಇನ್ನೂ ಹೆಚ್ಚು ಊಟ ಇಳಿಸಬೇಕು, ಮೊದಲೇ ಸುಸ್ತಾದ ಹೊಟ್ಟೆ ಅದನ್ನ ತಡ್ಕೊಳ್ಳಲ್ಲ. ನನಗೆ ಕೇಳಿದ್ರೆ, ಪೌಚ್ ಮೇಲಿನ ಕ್ಯಾರೆಟ್ ಚಿತ್ರಕ್ಕಿಂತ ಈ ಲೆಕ್ಕ ಮುಖ್ಯ.

ದಪ್ಪ ಅಳೆಯೋಕೆ ದೊಡ್ಡ ಯಂತ್ರವೇ ಬೇಕಿಲ್ಲ. ನುಂಗಲು ಕಷ್ಟವಿರೋರ ಪಾನೀಯಗಳಿಗಾಗಿ ರೂಪಿಸಿದ ಪರೀಕ್ಷೆಯೊಂದಿದೆ: 10 ಎಂಎಲ್ ಸಿರಿಂಜ್ ತುಂಬಿಸಿ, 10 ಸೆಕೆಂಡ್ ಹರಿಯೋಕೆ ಬಿಟ್ಟು, ಒಳಗೆ ಎಷ್ಟು ಉಳೀತು ನೋಡೋದು. ನಳಿಕೆ ಊಟ ಅಳೆಯೋರು ಈಗ ಇದನ್ನೂ ಬಳಸ್ತಾರೆ.