ಹಡಗು ಹೊರಟು ಮೂರು ಗಂಟೆಯೂ ಆಗಿರಲಿಲ್ಲ

ಕ್ರೂಸ್ ಹಡಗಿನ ಮೊದಲ ದಿನ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತೆ? ರೀಲ್ಸ್‌ನಲ್ಲಿ ನೋಡಿರ್ತೀರಿ: ಬುಫೆ, ಡೆಕ್ ಮೇಲಿನ ಈಜುಕೊಳ, ಕ್ಯಾಬಿನ್ ಟೂರ್. ಆದರೆ ರೀಲ್ಸ್‌ನಲ್ಲಿ ಅಷ್ಟಾಗಿ ಕಾಣದ ಒಂದು ಕೆಲಸವೂ ಆ ದಿನ ಇರುತ್ತೆ. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದವಾಗಿ ಹಾರ್ನ್. ಲೈಫ್ ಜಾಕೆಟ್ ಹಾಕೋದು ಹೇಗೆ, ಅಪಾಯ ಬಂದರೆ ಎಲ್ಲಿಗೆ ಹೋಗಿ ನಿಲ್ಲಬೇಕು ಅಂತ ಎಲ್ಲರಿಗೂ ತೋರಿಸ್ತಾರೆ. ಇದರ ಹೆಸರು ಮಸ್ಟರ್ ಡ್ರಿಲ್. ನಮ್ಮಲ್ಲಿ ನರೇಗಾ ಕೆಲಸದ ಹಾಜರಿ ಪಟ್ಟಿಗೆ ಮಸ್ಟರ್ ರೋಲ್ ಅಂತಾರಲ್ಲ, ಅದೇ ಮಸ್ಟರ್.

ನಿಜ ಹೇಳ್ಬೇಕು ಅಂದ್ರೆ, ವಿಮಾನದಲ್ಲಿ ಸೀಟ್ ಬೆಲ್ಟ್ ಪಾಠ ಶುರುವಾದ ಕೂಡಲೇ ಇಯರ್‌ಫೋನ್ ಹಾಕಿಕೊಳ್ಳುವವರಲ್ಲಿ ನಾನೂ ಒಬ್ಬ. ಕೋಸ್ಟಾ ಕಾಂಕಾರ್ಡಿಯಾ ಕಥೆ ಓದುವವರೆಗೂ ಹಾಗೇ ಇದ್ದೆ.

2012ರ ಜನವರಿ 13, ಶುಕ್ರವಾರ. ಇಟಲಿಯ ರೋಮ್ ಹತ್ತಿರ ಚಿವಿಟವೆಕ್ಕಿಯಾ ಅನ್ನೋ ಬಂದರು. ಸುಮಾರು 290 ಮೀಟರ್ ಉದ್ದದ ಈ ಹಡಗು ಸಂಜೆ ಏಳು ಗಂಟೆ ದಾಟಿದ ಮೇಲೆ ಅಲ್ಲಿಂದ ಹೊರಟಿತು. ಒಳಗೆ 4,200ಕ್ಕೂ ಹೆಚ್ಚು ಜನ. ಇಲ್ಲೊಂದು ವಿಷಯ ಗಮನಿಸಿ. ಈ ಹಡಗು ಸಿಟಿ ಬಸ್ ಇದ್ದಂಗೆ, ಒಂದೊಂದು ಬಂದರಿನಲ್ಲೂ ಒಂದಷ್ಟು ಜನ ಹತ್ತುತ್ತಿದ್ದರು, ಇಳಿಯುತ್ತಿದ್ದರು. ಹಾಗಾಗಿ ಕೆಲವರಿಗೆ ಅದು ಪ್ರವಾಸದ ನಡುವಿನ ದಿನ, ಆ ಸಂಜೆ ಹತ್ತಿದ ಸುಮಾರು 700 ಜನರಿಗೆ ಮೊದಲ ದಿನ. ಅವರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. ಮರುದಿನ ಮಾಡೋದು ಅಂತಿತ್ತು.

ಇದು ನಿಯಮ ಮುರಿದಿದ್ದಲ್ಲ. ನನ್ನನ್ನು ಕಾಡಿದ್ದೂ ಅದೇ. 1912ರಲ್ಲಿ ಟೈಟಾನಿಕ್ ಮುಳುಗಿ 1,500ಕ್ಕೂ ಹೆಚ್ಚು ಜನ ಸತ್ತಾಗ ಜಗತ್ತಿಗೆ ಎಚ್ಚರ ಆಯ್ತು. ಎರಡು ವರ್ಷದ ನಂತರ ಸಮುದ್ರದಲ್ಲಿ ಜೀವರಕ್ಷಣೆಗೆಂದೇ ಒಂದು ಅಂತರರಾಷ್ಟ್ರೀಯ ಒಪ್ಪಂದ ಹುಟ್ಟಿತು. ಅದನ್ನ ಸೋಲಾಸ್ ಅಂತಾರೆ. ಹಲವು ಸಲ ಬದಲಾದ ಆ ಒಪ್ಪಂದದಲ್ಲಿ 2012ರ ಹೊತ್ತಿಗೆ ಇದ್ದ ನಿಯಮ ಏನಪ್ಪಾ ಅಂದ್ರೆ, ಪ್ರಯಾಣಿಕರು ಹತ್ತಿದ 24 ಗಂಟೆಯೊಳಗೆ ಡ್ರಿಲ್ ಆಗಬೇಕು. ಅಂದರೆ ಮೊದಲ ರಾತ್ರಿ ಏನೂ ಗೊತ್ತಿಲ್ಲದೆ ಕಳೆದರೂ ಕಾನೂನಿಗೆ ತೊಂದರೆ ಇರಲಿಲ್ಲ.

ರಾತ್ರಿ 9.45. ಬಹಳಷ್ಟು ಜನ ಊಟದಲ್ಲಿದ್ದರು. ಜಿಲ್ಯೋ ಅನ್ನೋ ಪುಟ್ಟ ದ್ವೀಪಕ್ಕೆ ಸೆಲ್ಯೂಟ್ ಹೊಡೆಯೋಕೆ ಕ್ಯಾಪ್ಟನ್ ಫ್ರಾಂಚೆಸ್ಕೊ ಸ್ಕೆಟ್ಟಿನೊ ಹಡಗನ್ನು ದಡದ ತೀರಾ ಹತ್ತಿರಕ್ಕೆ ತಂದಿದ್ದ. ನೀರೊಳಗಿನ ಬಂಡೆ ಹಡಗಿನ ಎಡಬದಿಯನ್ನು 50 ಮೀಟರಿಗೂ ಉದ್ದಕ್ಕೆ ಸೀಳಿತು. ಎಂಜಿನ್ ರೂಮಿಗೆ ನೀರು ನುಗ್ಗಿ ಕರೆಂಟ್ ಹೋಯ್ತು. ಆಗ ಪ್ರಯಾಣಿಕರಿಗೆ ಹೇಳಿದ್ದೇನು ಗೊತ್ತಾ? ಕರೆಂಟ್ ಸಮಸ್ಯೆ ಅಷ್ಟೇ, ಗಾಬರಿ ಬೇಡ ಅಂತ. ಹಡಗು ಬಿಡಿ ಅನ್ನೋ ಆದೇಶ ಬಂದಿದ್ದು ಒಂದು ಗಂಟೆಗೂ ಹೆಚ್ಚು ತಡವಾಗಿ. ಅಷ್ಟೊತ್ತಿಗೆ ಹಡಗು ವಾಲಿತ್ತು. ಒಂದು ಬದಿಯ ಲೈಫ್‌ಬೋಟ್ ಇಳಿಸೋದೇ ಕಷ್ಟ ಆಯ್ತು.

ಅದೃಷ್ಟಕ್ಕೆ ಗಾಳಿ ಹಡಗನ್ನು ದಡದ ಕಡೆಗೇ ತಳ್ಳಿತ್ತು. ಕೆಲವರು ಈಜಿ ದಡ ಸೇರಿದರು. ದ್ವೀಪದ ಜನ ಚರ್ಚ್ ತೆರೆದರು, ಮನೆ ತೆರೆದರು. ಹಾಗಿದ್ದೂ 32 ಜನ ಉಳಿಯಲಿಲ್ಲ. ಎಲ್ಲರೂ ಇಳಿಯುವ ಮೊದಲೇ ಹಡಗು ಬಿಟ್ಟ ಕ್ಯಾಪ್ಟನ್‌ಗೆ 2015ರಲ್ಲಿ 16 ವರ್ಷ ಜೈಲು ಶಿಕ್ಷೆ ಆಯ್ತು.

ಡ್ರಿಲ್ ಆಗಿದ್ದಿದ್ದರೆ 32 ಜನರೂ ಉಳೀತಿದ್ರಾ? ಹಾಗಂತ ನಾನು ಹೇಳಲ್ಲ. ಮೇಲಿನವರು ಸುಳ್ಳು ಹೇಳಿ ಒಂದು ಗಂಟೆ ಕಳೆದರೆ ಎಂಥ ಡ್ರಿಲ್ ಆದರೂ ಕೆಲಸಕ್ಕೆ ಬರಲ್ಲ. ಆದರೆ ಆ ಕತ್ತಲಲ್ಲಿ, ವಾಲಿದ ಕಾರಿಡಾರಿನಲ್ಲಿ, ಯಾವ ಕಡೆ ಓಡಬೇಕು ಅನ್ನೋದಾದ್ರೂ ಗೊತ್ತಿರ್ತಿತ್ತು.

ಕೆಲವೇ ವಾರಗಳಲ್ಲಿ ಕ್ರೂಸ್ ಕಂಪನಿಗಳೇ ಹೊರಡುವ ಮೊದಲು ಡ್ರಿಲ್ ಮಾಡ್ತೀವಿ ಅಂತ ಒಪ್ಪಿಕೊಂಡವು. 2015ರ ಜನವರಿ 1ರಿಂದ ಅದು ಸೋಲಾಸ್ ನಿಯಮವೇ ಆಯ್ತು: ಹೊಸದಾಗಿ ಹತ್ತಿದವರಿಗೆ ಹಡಗು ಹೊರಡುವ ಮೊದಲೇ, ಇಲ್ಲಾಂದ್ರೆ ಹೊರಟ ಕೂಡಲೇ.

ಆ ನಿಯಮ ಜಾರಿಗೆ ಬರೋಕೆ ಎರಡು ತಿಂಗಳಿದ್ದಾಗ, ಜಿನೋವಾ ಬಂದರಿನಲ್ಲಿ ಹಡಗನ್ನು ಬಿಚ್ಚುತ್ತಿದ್ದವರಿಗೆ ಅಲ್ಲಿಯವರೆಗೆ ಸಿಗದೇ ಇದ್ದ ಕೊನೆಯ ಶವ ಸಿಕ್ಕಿತು. ಅದು ನಮ್ಮ ದೇಶದವನೇ ಆದ ಒಬ್ಬ ವೇಟರ್‌ನದು. ಮನೆಯವರು ಹೆಚ್ಚುಕಡಿಮೆ ಮೂರು ವರ್ಷ ಕಾದಿದ್ದರು.

ಕೋವಿಡ್ ಬಂದ ಮೇಲೆ ಡ್ರಿಲ್ ಮತ್ತೆ ಬದಲಾಗಿದೆ. ಗುಂಪು ಸೇರಿಸೋದು ಬೇಡ ಅಂತ ಹಲವು ಹಡಗುಗಳಲ್ಲಿ ವಿಡಿಯೊವನ್ನ ಪ್ರಯಾಣಿಕರ ಫೋನಿಗೇ ಕೊಡ್ತಾರೆ. ನೋಡಿ ಮುಗಿಸಿ, ನಿಮ್ಮ ಜಾಗಕ್ಕೆ ಹೋಗಿ ಹಾಜರಿ ಹಾಕಿಸಿ ಬಂದ್ರೆ ಆಯ್ತು. ಮ್ಯೂಟ್ ಮಾಡಿಟ್ಟು ಬುಫೆ ಕಡೆ ಹೋಗೋರು ಎಷ್ಟು ಜನ ಇದ್ದಾರೋ. ಹಳೆಯ ನಾನಾಗಿದ್ದರೆ ಅದನ್ನೇ ಮಾಡ್ತಿದ್ದೆ.